ಊರು ಬಲ್ಲ ಹಿರಿಯರು

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕಾಮೇಗೌಡರೆಂಬ ಕುರಿಗಾಹಿ ಇದ್ದರು. ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋದಾಗಲೆಲ್ಲ ಅವರಿಗೊಂದು ಕೊರಗು: ಬಿದ್ದ ಮಳೆಯೆಲ್ಲ ಸರ್ರನೆ ಇಳಿದುಹೋಗುತ್ತದೆ, ಬೇಸಿಗೆಯಲ್ಲಿ ಹಕ್ಕಿಗೂ ಗುಟುಕು ನೀರಿಲ್ಲ. ಕುರಿ ಮಾರಿ ಗುದ್ದಲಿ, ಹಾರೆ ಕೊಂಡರು. ಇಳಿಜಾರಿನಲ್ಲಿ ಕಟ್ಟೆ ತೋಡುತ್ತ ಹೋದರು. 2020ರಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಅವರನ್ನು ನೆನೆದಾಗ ವಯಸ್ಸು 80 ದಾಟಿತ್ತು, ಕಟ್ಟೆಗಳು 16 ಆಗಿದ್ದವು. 2022ರಲ್ಲಿ ತೀರಿಕೊಂಡರು.

ಅವರ ಛಲವನ್ನು ಎಲ್ಲರೂ ಹೊಗಳಿದರು. ನಾನು ಹೆಚ್ಚು ಬೆರಗಾಗುವುದು ಅವರ ನೋಟಕ್ಕೆ. ಮಳೆನೀರು ಯಾವ ಬಂಡೆಯ ಪಕ್ಕ ಹರಿಯುತ್ತದೆ, ಎಲ್ಲಿ ಅಗೆದರೆ ನಿಲ್ಲುತ್ತದೆ ಎಂಬುದು ಜೀವಮಾನವಿಡೀ ಒಂದೇ ಬೆಟ್ಟ ಸುತ್ತಿದವರಿಗೆ ದಕ್ಕುವ ತಿಳಿವಳಿಕೆ.

ಇಂಥವರು ಪ್ರತಿ ಊರಲ್ಲೂ ಇದ್ದಾರೆ. ಕೆರೆಗೆ ನೀರು ತರುತ್ತಿದ್ದ ಕಾಲುವೆ ಎಲ್ಲಿ ಮುಚ್ಚಿಹೋಯಿತು, ಗೋಮಾಳ ಯಾವ ಹುಣಸೆಮರದವರೆಗಿತ್ತು, ಎಲ್ಲ ಅವರ ನೆನಪಿನಲ್ಲಿದೆ. ಪಿಂಚಣಿ ಬಂತೆ, ಮಾತ್ರೆ ತಗೊಂಡಿರಾ ಎಂದು ವಿಚಾರಿಸುತ್ತೇವೆ, ಅದು ಒಳ್ಳೆಯದೇ. ಪಂಚಾಯಿತಿಯಲ್ಲಿ ಹೂಳೆತ್ತುವ ಮಾತು ಬಂದಾಗ ಮಾತ್ರ ‘ನಿಮಗ್ಯಾಕೆ ತಾತ, ಸುಮ್ನೆ ಕೂತ್ಕೊಳಿ’ ಅಂದುಬಿಡುತ್ತೇವೆ. ಈ ಮಾತು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಊರಿನ ಮತದಾರರೆಲ್ಲರದು. ಮುಂದಿನ ಸಭೆಗೆ ನಿಮ್ಮ ಬೀದಿಯ ತಾತನನ್ನೋ ಅಜ್ಜಿಯನ್ನೋ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ. ಕೆರೆಯ ಹಳೆ ಕೋಡಿ ಎಲ್ಲಿತ್ತೆಂದು ಕೇಳಿ, ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.