ಏಳು ವರ್ಷದ ಗ್ಯಾಪ್: ಫಹಾದ್ ಫಾಸಿಲ್ ಎರಡನೇ ಸಲ ಶುರು ಮಾಡಿದ ಕಥೆ

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. "ಈ ಎರಡು ವರ್ಷ ಗ್ಯಾಪ್ ಇದೆಯಲ್ಲ, ಏನ್ ಮಾಡ್ತಿದ್ರಿ?"

ಇಂಟರ್‌ವ್ಯೂಗೆ ಹೋದವರಿಗೆ ಈ ಪ್ರಶ್ನೆ ಗೊತ್ತು. ನಾನು ಬಿ.ಕಾಂ ಮುಗಿಸಿ, ಸಿಎ ಮಾಡ್ತೀನಿ ಅಂತ ಎರಡು ವರ್ಷ ಕೂತೆ. ಮೊದಲನೇ ಗ್ರೂಪ್ ಪಾಸಾಯ್ತು, ಎರಡನೇದು ಕೊನೆವರೆಗೂ ಆಗ್ಲಿಲ್ಲ. ಆಮೇಲೆ ಕೆಲಸಕ್ಕೆ ಅಂತ ಹೋದಲ್ಲೆಲ್ಲ ಎದುರಿಗೆ ಕೂತವರ ಬೆರಳು ರೆಸ್ಯೂಮೆಯಲ್ಲಿ ಅದೇ ಜಾಗಕ್ಕೆ ಬಂದು ನಿಲ್ಲೋದು. ಒಬ್ಬರಂತೂ, "ಹಾಗಾದ್ರೆ ಏನೂ ಮಾಡಿಲ್ಲ ಅನ್ನಿ" ಅಂದ್ರು. ನಾನು ಹೂಂ ಅಂದೆ. ಇನ್ನೇನ್ ಹೇಳೋದು?

ಆ ದಿನಗಳಲ್ಲೇ ಒಬ್ಬ ನಟನ ಫಿಲ್ಮೋಗ್ರಫಿಯಲ್ಲಿ ಇನ್ನೂ ದೊಡ್ಡ ಗ್ಯಾಪ್ ಕಣ್ಣಿಗೆ ಬಿತ್ತು. 2002ರಲ್ಲಿ ಒಂದು ಸಿನಿಮಾ. ಅದಾದ ಮೇಲೆ ಸೀದಾ 2009. ನಡುವೆ ಏನೂ ಇಲ್ಲ. ಆ ನಟ ಫಹಾದ್ ಫಾಸಿಲ್.

ನಮ್ಮಲ್ಲಿ ಬಹಳ ಜನಕ್ಕೆ ಇವರು ಪರಿಚಯ ಆಗಿದ್ದು 'ಪುಷ್ಪ'ದ ಪೊಲೀಸ್ ಆಫೀಸರ್ ಆಗಿ, ಇಲ್ಲಾಂದ್ರೆ 2024ರ 'ಆವೇಶಂ'ನ ರಂಗ ಆಗಿ. ಬಿಳಿ ಬಟ್ಟೆ, ಮೈತುಂಬ ಬಂಗಾರ, ಬೆಂಗಳೂರಿನ ರೌಡಿ. ಆ ಆರ್ಭಟ ನೋಡಿದವರಿಗೆ ಈ ಮನುಷ್ಯ ಒಂದು ಕಾಲದಲ್ಲಿ ಸಿನಿಮಾನೇ ಬಿಟ್ಟು ಹೋಗಿದ್ರು ಅಂದ್ರೆ ನಂಬೋದು ಕಷ್ಟ.

ಮೊದಲು ಅಪ್ಪನ ವಿಷಯ ಹೇಳ್ಬೇಕು. ಅಪ್ಪನ ಹೆಸರು ಫಾಸಿಲ್, ಆಲಪ್ಪುಳದವರು, ಮಲಯಾಳದ ದೊಡ್ಡ ನಿರ್ದೇಶಕ. 'ಮಣಿಚಿತ್ರತಾಳ್' ಅವರದ್ದೇ. ಅದೇ ಕಥೆ ನಮ್ಮಲ್ಲಿ 'ಆಪ್ತಮಿತ್ರ' ಆಗಿ ಬಂತು, ನಾಗವಲ್ಲಿ ನಮ್ಮ ಮನೆಮಾತಾದಳು. ಹೊಸಬರನ್ನ ತಂದು ನಿಲ್ಲಿಸೋದ್ರಲ್ಲಂತೂ ಅವರದ್ದು ಎತ್ತಿದ ಕೈ. 1980ರಲ್ಲಿ 'ಮಂಜಿಲ್ ವಿರಿಞ್ಞ ಪೂಕ್ಕಳ್' ಅನ್ನೋ ಚಿತ್ರದಲ್ಲಿ ಒಬ್ಬ ಹುಡುಗನನ್ನ ವಿಲನ್ ಮಾಡಿ ತೋರಿಸಿದ್ರು. ಆ ಹುಡುಗ ಮೋಹನ್‌ಲಾಲ್. 1997ರಲ್ಲಿ 'ಅನಿಯತ್ತಿಪ್ರಾವ್' ಮಾಡಿ ಕುಂಚಾಕೋ ಬೋಬನ್‌ನ ಹೀರೋ ಮಾಡಿದ್ರು, ಅದು ಭಾರಿ ಹಿಟ್. ಅದನ್ನೇ ತಮಿಳಿನಲ್ಲಿ ವಿಜಯ್ ಇಟ್ಕೊಂಡು 'ಕಾದಲುಕ್ಕು ಮರಿಯಾದೈ' ಅಂತ ಅವರೇ ಮಾಡಿದ್ರು. ಅದೂ ಹಿಟ್.

ಇಂಥ ನಿರ್ದೇಶಕ 2002ರಲ್ಲಿ ತನ್ನ ಸ್ವಂತ ಮಗನನ್ನ ಹೀರೋ ಮಾಡ್ತಾರೆ. ಸಿನಿಮಾ 'ಕೈಯೆತ್ತುಂ ದೂರತ್ತ್'. ಲವ್ ಸ್ಟೋರಿ. ನಾಯಕಿ ನಿಖಿತಾ ತುಕ್ರಾಲ್, ಮುಂದೆ ನಮ್ಮ 'ಸಂಗೊಳ್ಳಿ ರಾಯಣ್ಣ'ದಲ್ಲೂ ನಟಿಸಿದವರು. ಹುಡುಗನಿಗೆ ಇನ್ನೂ 20 ತುಂಬೋ ಹೊತ್ತು. ಪರದೆ ಮೇಲಿನ ಹೆಸರು ಫಹಾದ್ ಅಲ್ಲ, ಶಾನು.

ಸಿನಿಮಾ ಮಕಾಡೆ ಮಲಗ್ತು.

ಈಗ ನೋಡಿ, ಬೇರೆಯವರ ಮಕ್ಕಳಿಗೆಲ್ಲ ಕೈಹಿಡಿದ ಅಪ್ಪನ ಕೈಗುಣ ತನಗೆ ಮಾತ್ರ ಕೈಕೊಟ್ಟಿತು ಅಂದ್ರೆ ಯಾರಿಗೇ ಆಗ್ಲಿ ಸಿಟ್ಟು ಬರುತ್ತೆ. ಅಪ್ಪನ ಕಥೆ ಸರಿ ಇರ್ಲಿಲ್ಲ ಅಂತ ಹೇಳಿ ಮುಗಿಸಬಹುದಿತ್ತು. ಫಹಾದ್ ಹಾಗೆ ಹೇಳಲಿಲ್ಲ. ಸೋಲಿಗೆ ಅಪ್ಪನನ್ನ ದೂರಬೇಡಿ, ತಯಾರಿ ಇಲ್ಲದೆ ಬಂದವನು ನಾನು, ತಪ್ಪು ನನ್ನದು ಅನ್ನೋ ಅರ್ಥದ ಮಾತನ್ನೇ ಆಮೇಲೆ ಹೇಳ್ತಾ ಬಂದ್ರು. ಹೇಳಿ ಅಮೆರಿಕಕ್ಕೆ ಓದೋಕೆ ಹೋದ್ರು.

ಅಲ್ಲಿಂದ ಸಿನಿಮಾಗೆ ವಾಪಸ್ ಬಂದಿದ್ದು ಹೇಗೆ ಅನ್ನೋದನ್ನ ಅವರು 2020ರಲ್ಲಿ ಇರ್ಫಾನ್ ಖಾನ್ ತೀರಿಕೊಂಡಾಗ ಬರೆದ ಒಂದು ಲೇಖನದಲ್ಲಿ ಹೇಳಿದಾರೆ. ಕ್ಯಾಂಪಸ್ ಹತ್ತಿರ ಪಾಕಿಸ್ತಾನದವರೊಬ್ಬರ ದಿನಸಿ ಅಂಗಡಿ ಇತ್ತು. ಅಲ್ಲಿ ಇಂಡಿಯನ್ ಸಿನಿಮಾ ಡಿವಿಡಿಗಳು ಬಾಡಿಗೆಗೆ ಸಿಗ್ತಿದ್ದವು. ಒಂದು ದಿನ ಅಂಗಡಿಯವರೇ ಒಂದು ಡಿವಿಡಿ ತೋರಿಸಿ ಇದನ್ನ ನೋಡು ಅಂದ್ರು. ನಸೀರುದ್ದೀನ್ ಶಾ ನಿರ್ದೇಶನದ 'ಯೂಂ ಹೋತಾ ತೋ ಕ್ಯಾ ಹೋತಾ'. ಶಾ ನಿರ್ದೇಶನ ಅನ್ನೋ ಕುತೂಹಲಕ್ಕೆ ತಗೊಂಡು ಹೋದ್ರು. ಆದ್ರೆ ಸಿನಿಮಾ ಸ್ವಲ್ಪ ಮುಂದೆ ಹೋಗ್ತಿದ್ದಂಗೆ ತೆರೆ ಮೇಲೆ ಇನ್ನೊಬ್ಬ ಬಂದ. ಯಾರಪ್ಪಾ ಇವನು ಅನ್ನಿಸ್ತು. ಅವನು ಇರ್ಫಾನ್. ಆಮೇಲೆ ಇರ್ಫಾನ್ ಸಿನಿಮಾಗಳನ್ನ ಹುಡುಕಿ ಹುಡುಕಿ ನೋಡಿದ್ರು, ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ರು, ಊರಿಗೆ ಬಂದ್ರು.

ಇದನ್ನ ನಾನು ನಮ್ಮಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವನ ಅಪ್ಪ ಡೈರೆಕ್ಟರು ಕಣೋ, ನಿನ್ನಪ್ಪಂದು ಸ್ಟೇಷನರಿ ಅಂಗಡಿ" ಅಂದ್ರು.

ಅಪ್ಪನ ಮಾತು ನಿಜ. ಏಳು ವರ್ಷ ದೂರ ಇದ್ದು, ಓದು ಅರ್ಧಕ್ಕೆ ಬಿಟ್ಟು ಬಂದ್ರೂ ಊಟಕ್ಕೆ ತೊಂದರೆ ಇಲ್ಲ, ಫೋನ್ ಮಾಡಿದ್ರೆ ಎತ್ತೋರು ಇದಾರೆ. ಮೊದಲ ಸಿನಿಮಾ ಮಲಗಿದ ಮೇಲೆ ಎರಡನೇ ಚಾನ್ಸೇ ಸಿಗದೆ ಹೋದ ಎಷ್ಟೋ ಹುಡುಗರ ಹೆಸರು ನಮಗೆ ಗೊತ್ತೇ ಇಲ್ಲ. ಈ ಲೆಕ್ಕ ಬಿಟ್ಟು ಫಹಾದ್ ಕಥೆ ಹೇಳಿದ್ರೆ ಅದು ಮೋಸ. ನಾನು ಕಾಮರ್ಸ್ ಓದಿದವನು, ಬಂಡವಾಳ ಎಲ್ಲಿಂದ ಬಂತು ಅಂತ ಮೊದಲು ನೋಡ್ಬೇಕು.

ಆದ್ರೆ ಆ ಬಂಡವಾಳ ಮೊದಲ ಸಲವೂ ಇತ್ತು, ಆಗ ಉಳಿಸಲಿಲ್ಲ ಅನ್ನೋದೂ ನಿಜ. ಎರಡನೇ ಸಲ ಫಹಾದ್ ಏನು ಬೇರೆ ಮಾಡಿದ್ರು? ನನಗೆ ಮುಖ್ಯ ಅನ್ನಿಸೋದು ಇದು.

ಈ ಸಲ ಹೀರೋ ಆಗಿ ಲಾಂಚ್ ಇಲ್ಲ. 2009ರಲ್ಲಿ 'ಕೇರಳ ಕೆಫೆ' ಅಂತ ಒಂದು ಸಿನಿಮಾ ಬಂತು, ಹತ್ತು ನಿರ್ದೇಶಕರ ಹತ್ತು ಸಣ್ಣ ಕಥೆ. ಅದರಲ್ಲಿ 'ಮೃತ್ಯುಂಜಯಂ' ಅನ್ನೋ ಒಂದೇ ಒಂದು ಕಥೆಯಲ್ಲಿ ಫಹಾದ್. ಮುಂದಿನ ವರ್ಷ ಮಮ್ಮುಟ್ಟಿಯವರ 'ಪ್ರಮಾಣಿ'ಯಲ್ಲಿ ಒಂದು ಪಾತ್ರ, ಜಯಸೂರ್ಯ ಮತ್ತು ಅನೂಪ್ ಮೆನನ್ ಇರೋ 'ಕಾಕ್‌ಟೇಲ್'ನಲ್ಲಿ ಇನ್ನೊಂದು, 'ಟೂರ್ನಮೆಂಟ್'ನಲ್ಲಿ ಹುಡುಗರ ಗುಂಪಿನಲ್ಲಿ ಒಬ್ಬ. ಶಾನು ಅನ್ನೋ ಹೆಸರೂ ಹೋಗಿ ಈಗ ಫಹಾದ್ ಫಾಸಿಲ್.

2011ರಲ್ಲಿ 'ಚಾಪ್ಪಾ ಕುರಿಶ್'. ಸಮೀರ್ ತಾಹಿರ್ ನಿರ್ದೇಶನ. ಮಲಯಾಳದಲ್ಲಿ ಈ ಹೆಸರಿಗೆ ಹೆಡ್ಸಾ ಟೇಲ್ಸಾ ಅಂತ ಅರ್ಥ. ಫೋನಲ್ಲಿ ನನ್ನ ಮಾತು ಕೇಳ್ತಿರೋ ನೀವು ಇದನ್ನ ನೋಡ್ಲೇಬೇಕು, ಯಾಕಂದ್ರೆ ಕಥೆಯೇ ಒಂದು ಕಳೆದುಹೋದ ಫೋನಿನದ್ದು. ಅರ್ಜುನ್ ಅನ್ನೋ ಶ್ರೀಮಂತ ಹುಡುಗ, ಕಟ್ಟಡ ಕಟ್ಟಿಸೋ ಬಿಸಿನೆಸ್. ಮದುವೆ ಇನ್ನೊಬ್ಬಳ ಜೊತೆ ಮಾತಾಗಿದ್ರೂ ಆಫೀಸಿನ ಹುಡುಗಿ ಜೊತೆ ಸಂಬಂಧ, ಅದರ ವಿಡಿಯೋ ಫೋನಲ್ಲಿ. ಆ ಫೋನ್ ಬಿದ್ದುಹೋಗಿ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಮಾಡೋ ಅನ್ಸಾರಿಗೆ ಸಿಗುತ್ತೆ. ಎಲ್ಲರ ಕೈಲೂ ಬೈಸಿಕೊಂಡು ಬದುಕೋ ಅನ್ಸಾರಿ ಈಗ ಅರ್ಜುನ್‌ನ ಕುಣಿಸೋಕೆ ಶುರು ಮಾಡ್ತಾನೆ.

ಫಹಾದ್ ಇಲ್ಲಿ ಅರ್ಜುನ್. ಪ್ರೇಕ್ಷಕರ ಕನಿಕರವೆಲ್ಲ ಅನ್ಸಾರಿ ಪಾಲಿಗೆ ಹೋಗುತ್ತೆ, ಆ ಪಾತ್ರ ಮಾಡಿದ್ದು ವಿನೀತ್ ಶ್ರೀನಿವಾಸನ್. ಒಂದು ಸಲ ಸೋತು ಬಂದ ಹುಡುಗ ಜನಕ್ಕೆ ಇಷ್ಟ ಆಗೋ ಪಾತ್ರ ಹುಡುಕ್ತಾನೆ ಅಂದ್ಕೊಳ್ತೀವಿ. ಫಹಾದ್ ಆರಿಸಿಕೊಂಡಿದ್ದು ಹೆದರುಪುಕ್ಕಲನನ್ನ. ಫೋನ್ ಕಿವಿಗಿಟ್ಟು ಅಂಗಲಾಚುವಾಗ ಆ ಮುಖದಲ್ಲಿ ದುಡ್ಡಿನ ಗತ್ತು ಸ್ವಲ್ಪ ಸ್ವಲ್ಪವೇ ಇಳಿದು ಹೋಗುತ್ತೆ. ಈ ಸಿನಿಮಾ ಮತ್ತು 'ಅಕಂ' ಎರಡಕ್ಕೂ ಸೇರಿ 2011ರ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಎರಡನೇ ಅತ್ಯುತ್ತಮ ನಟ ಅಂತ ಬಂತು.

2012ರ '22 ಫೀಮೇಲ್ ಕೋಟ್ಟಯಂ' ಇನ್ನೂ ಒಂದು ಹೆಜ್ಜೆ ಮುಂದೆ. ಆಶಿಕ್ ಅಬು ನಿರ್ದೇಶನ. ಕಥೆ ಬಹುಪಾಲು ನಮ್ಮ ಬೆಂಗಳೂರಲ್ಲೇ ನಡೆಯುತ್ತೆ. ಕೋಟ್ಟಯಂನಿಂದ ಬಂದ ನರ್ಸ್ ಟೆಸ್ಸಾ, ಕೆನಡಾಗೆ ಹೋಗೋ ಆಸೆ. ವೀಸಾ ಏಜೆನ್ಸಿಯ ಸಿರಿಲ್ ಆಗಿ ಫಹಾದ್. ಮೊದಲರ್ಧ ಪೂರ್ತಿ ಅವನು ಒಳ್ಳೆ ಪ್ರೇಮಿ, ನಗ್ತಾನೆ, ಕಾಳಜಿ ತೋರಿಸ್ತಾನೆ. ಆಮೇಲೆ ಅವಳನ್ನ ತನ್ನ ಬಾಸ್‌ಗೆ ಒಪ್ಪಿಸಿದವನು ಇವನೇ ಅಂತ ಗೊತ್ತಾಗುತ್ತೆ. ಸಿನಿಮಾ ಇರೋದು ಟೆಸ್ಸಾ ಹೇಗೆ ಸೇಡು ತೀರಿಸಿಕೊಳ್ತಾಳೆ ಅನ್ನೋದರ ಮೇಲೆ. ರೀಮಾ ಕಲ್ಲಿಂಗಲ್ ಅದ್ಭುತವಾಗಿ ಮಾಡಿದಾರೆ. ಕ್ಲೈಮ್ಯಾಕ್ಸ್ ಹೇಳಲ್ಲ, ಆದ್ರೆ ಇಮೇಜ್ ಬಗ್ಗೆ ಯೋಚನೆ ಮಾಡೋ ಹೀರೋ ಒಪ್ಪಿಕೊಳ್ಳೋ ಪಾತ್ರ ಅಲ್ಲ ಅದು.

ಅದೇ ವರ್ಷ ಲಾಲ್ ಜೋಸ್‌ರ 'ಡೈಮಂಡ್ ನೆಕ್ಲೇಸ್'. ನನ್ನ ಫೇವರಿಟ್, ಸ್ವಾರ್ಥ ಅನ್ನಿ. ದುಬೈನಲ್ಲಿ ಒಬ್ಬ ಕ್ಯಾನ್ಸರ್ ಡಾಕ್ಟರ್, ಕೈತುಂಬ ಸಂಬಳ, ಆದ್ರೆ ಕತ್ತಿನವರೆಗೂ ಸಾಲ. ಬ್ಯಾಂಕಿನವರ ಫೋನ್ ಬಂದಾಗ ಅವನ ಮುಖ ಸಣ್ಣಗಾಗೋದು ನೋಡಿ, ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಡ್ಯೂ ಕಟ್ಟಿ ಬದುಕ್ತಿರೋ ನಮ್ಮ ಫ್ರೆಂಡ್ಸ್ ಎಲ್ರೂ ನೆನಪಾದ್ರು. ಹಣೆ ಮೇಲೆ ಕೂದಲು ಹಿಂದಕ್ಕೆ ಸರೀತಾ ಇದೆ, ಅದನ್ನೂ ಮುಚ್ಚಿಲ್ಲ. ನಮ್ಮ ಕಡೆ ಆಗಿದ್ರೆ ವಿಗ್ ಮೇಕರ್‌ಗೆ ಮೊದಲ ಚೆಕ್ ಹೋಗಿರೋದು.

ಮೋಸಗಾರ, ಸಾಲಗಾರ, ಪುಕ್ಕಲ. ಈ ಮೂರೂ ಆದ ಮೇಲೆ 2013ರ ಶುರುವಲ್ಲಿ 'ಅನ್ನಯುಂ ರಸೂಲುಂ' ಬಂತು. ನಿರ್ದೇಶಕ ರಾಜೀವ್ ರವಿ. ಕೊಚ್ಚಿಯ ಟ್ಯಾಕ್ಸಿ ಡ್ರೈವರ್ ರಸೂಲ್, ಪ್ರೀತಿಯಲ್ಲಿ ಬಿದ್ದಿದಾನೆ. ಮತ್ತೆ ಲವ್ ಸ್ಟೋರಿನೇ. 2002ರಲ್ಲಿ ಕೈಲಾಗದಿದ್ದ ಪ್ರೇಮಿ ಪಾತ್ರ ಈಗ ಹೆಚ್ಚು ಮಾತೇ ಇಲ್ಲದೆ, ಬರೀ ಅವಳ ಹಿಂದೆ ಹಿಂದೆ ಓಡಾಡೋದರಲ್ಲೇ ಬಂದುಬಿಟ್ಟಿದೆ. ಅದೇ ವರ್ಷ 'ಆಮೆನ್', 'ಆರ್ಟಿಸ್ಟ್', 'ನಾರ್ತ್ 24 ಕಾದಂ'. ಕೊನೆಯ ಎರಡಕ್ಕೆ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ, ಲಾಲ್ ಜೊತೆ ಹಂಚಿಕೊಂಡು.

ತಮಿಳಿಗೆ ಹೋಗಿದ್ದು 2017ರಲ್ಲಿ, 'ವೇಲೈಕ್ಕಾರನ್'. ಅಲ್ಲೂ ಶಿವಕಾರ್ತಿಕೇಯನ್ ಹೀರೋ, ಫಹಾದ್ ಸೂಟು ಹಾಕಿದ ಕಾರ್ಪೊರೇಟ್ ವಿಲನ್. ಎರಡು ವರ್ಷ ಆದ್ಮೇಲೆ 'ಸೂಪರ್ ಡಿಲಕ್ಸ್'. ಅದಕ್ಕೆ ಒಂದು ಪೂರ್ತಿ ಎಪಿಸೋಡ್ ಬೇಕು, ಇವತ್ತು ಬೇಡ.

ಇರ್ಫಾನ್‌ರನ್ನ ಫಹಾದ್ ಒಮ್ಮೆಯೂ ಭೇಟಿ ಆಗಲಿಲ್ಲ. 'ಕಾರವಾನ್' ಸಿನಿಮಾಗೆ ಇರ್ಫಾನ್ ಕೇರಳಕ್ಕೇ ಬಂದಿದ್ರು, ದುಲ್ಕರ್ ಸಲ್ಮಾನ್ ಜೊತೆ ಶೂಟಿಂಗ್. ಹೋಗಿ ಮಾತಾಡಿಸೋಕೆ ಆಗ್ಲಿಲ್ಲ, ಏನೋ ಕೆಲಸ, ಇನ್ನೊಂದು ಸಲ ನೋಡೋಣ ಅಂತ ಬಿಟ್ರು.

ಮೊನ್ನೆ ಅಪ್ಪನ ಜೊತೆ ಕೂತು 'ಆವೇಶಂ' ನೋಡಿದೆ. ಇಂಟರ್‌ವಲ್‌ನಲ್ಲಿ ಅಪ್ಪ, "ಇವನೇನಾ ಆ ಗ್ಯಾಪ್ ಹುಡುಗ?" ಅಂದ್ರು. ಹೌದಪ್ಪಾ ಅಂದೆ. ಏನೂ ಹೇಳಲಿಲ್ಲ, ಕಾಫಿ ತಗೊಂಡು ವಾಪಸ್ ಬಂದು ಸೌಂಡ್ ಜಾಸ್ತಿ ಮಾಡಿದ್ರು.

ನಿಮ್ಮ ರೆಸ್ಯೂಮೆಯಲ್ಲೂ ಗ್ಯಾಪ್ ಇದ್ರೆ, ಆಗ ಏನ್ ಮಾಡ್ತಿದ್ರಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೆಲವನ್ನ ಕೇಳಿಸ್ತೀನಿ.