ಮೆಜೆಸ್ಟಿಕ್‌ನಲ್ಲಿ ಸುಮ್ಮನೆ ಕೂರೋಕೆ ಜಾಗ ಇತ್ತು

ಇದನ್ನ ಕೇಳ್ತಿರೋರಲ್ಲಿ ಕೆಲವರಾದ್ರೂ ಈಗ ನಮ್ಮ ಮೆಟ್ರೋದಲ್ಲಿ ಇರ್ತೀರಿ. ಸ್ವಲ್ಪ ಹೊತ್ತಿಗೆ ಮೆಜೆಸ್ಟಿಕ್ ಬರುತ್ತೆ. ಇಳೀತೀರಿ, ಎಸ್ಕಲೇಟರ್ ಹತ್ತಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸ್ತೀರಿ, ಹೊರಟುಬಿಡ್ತೀರಿ. ದಿನಾ ಮೆಜೆಸ್ಟಿಕ್‌ಗೆ ಹೋಗಿರ್ತೀರಿ, ಆದ್ರೆ ಮೆಜೆಸ್ಟಿಕ್ ನೋಡಿರಲ್ಲ. ಇವತ್ತು ನಿಮ್ಮ ತಲೆ ಮೇಲಿರೋ ಆ ಮೆಜೆಸ್ಟಿಕ್ ಬಗ್ಗೆ ಮಾತಾಡೋಣ.

ಮೊದಲು ಒಂದು ತಮಾಷೆ ಗಮನಿಸಿ. ಈ ಜಾಗದಲ್ಲಿ ವಸ್ತು ಹೋಗುತ್ತೆ, ಹೆಸರು ಹೋಗಲ್ಲ. ಮೆಜೆಸ್ಟಿಕ್ ಅನ್ನೋದು ಒಂದು ಥಿಯೇಟರ್‌ನ ಹೆಸರು. ಆ ಥಿಯೇಟರ್ ಈಗಿಲ್ಲ, ಕಂಡಕ್ಟರ್ ಮಾತ್ರ ಇನ್ನೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಅಂತಾನೇ ಕೂಗ್ತಾರೆ. ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಇದೆ, ಅಂದ್ರೆ ಕೆರೆ ಏರಿ ರಸ್ತೆ. ಕೆರೆ ಎಲ್ಲಿ? ಬಸ್ಸುಗಳು ನಿಂತಿವೆಯಲ್ಲ, ಅದೇ ಕೆರೆ! ಕೆಂಪೇಗೌಡರ ಕಾಲದ್ದು ಅಂತ ಹೇಳೋ ಧರ್ಮಾಂಬುಧಿ ಕೆರೆ. ಪೇಟೆಗೆ ನೀರು ಕೊಡ್ತಿದ್ದ ಕೆರೆ ಅದು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯೋ ನೀರಿಗೆ ಬೇಡವಾದ ಕೆರೆಯನ್ನ ಯಾರು ನೋಡ್ಕೋತಾರೆ? ಒಣಗ್ತು, ಮೈದಾನ ಆಯ್ತು, 1960ರ ದಶಕದಲ್ಲಿ ಬಸ್ ನಿಲ್ದಾಣ ಆಯ್ತು.

ಹಾಗಾಗಿ ‘ಅಯ್ಯೋ, ಹಳೇ ಮೆಜೆಸ್ಟಿಕ್ ಹಾಳಾಗ್ಹೋಯ್ತು’ ಅಂತ ಅಳೋಕೆ ನಾನು ಬಂದಿಲ್ಲ. ನಾನು ಇಷ್ಟಪಟ್ಟ ಹಳೇ ಮೆಜೆಸ್ಟಿಕ್, ಕೆರೆಯಲ್ಲಿ ನೀರು ನೋಡಿದ್ದವರ ಲೆಕ್ಕದಲ್ಲಿ ಹೊಸದೇ.

ನಾನು ಮೊದಲ ಸಲ ಅಲ್ಲಿ ಇಳಿದದ್ದು 1995ರಲ್ಲಿ, ಹಿರಿಯೂರಿನಿಂದ ಬಂದ ರಾತ್ರಿ ಬಸ್ಸಿನಲ್ಲಿ, ಡಿಗ್ರಿಗೆ ಸೇರೋಕೆ. ಬೆಳಗಿನ ಜಾವ ನಾಲ್ಕೂವರೆ. ಅಪ್ಪ ಹೇಳಿ ಕಳಿಸಿದ್ದು ಎರಡೇ ಮಾತು: ‘ಜೇಬು ನೋಡ್ಕೋ. ಮಾವ ಬರೋವರೆಗೂ ಅಲ್ಲಾಡಬೇಡ.’ ಮಾವ ಹೇಳಿದ್ದು ಹತ್ತು ಗಂಟೆಗೆ, ಅಣ್ಣಮ್ಮನ ಗುಡಿ ಮುಂದೆ. ಮೊಬೈಲ್ ಇಲ್ಲ. ಲೊಕೇಶನ್ ಕಳಿಸೋದು, ‘ಎಲ್ಲಿದ್ದೀಯ’ ಅಂತ ಕೇಳೋದು ಏನೂ ಇಲ್ಲ. ಒಂದು ಸಲ ಜಾಗ, ಹೊತ್ತು ಗೊತ್ತುಮಾಡಿಕೊಂಡ್ರೆ ಅಷ್ಟೇ, ಕಾಯ್ಬೇಕು.

ಐದೂವರೆ ಗಂಟೆ ಕಾದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಟ್ರಂಕು ಕಾಲಡಿ ಇಟ್ಕೊಂಡು ಕೂತೆ. ಪಕ್ಕದಲ್ಲಿ ಆಸ್ಪತ್ರೆಗೆ ಬಂದಿದ್ದ ಒಬ್ಬ ಅಜ್ಜಿ, ಮೇಸ್ತ್ರಿಗಾಗಿ ಕಾಯ್ತಿದ್ದ ಗಾರೆ ಕೆಲಸದವರು, ಇಂಟರ್‌ವ್ಯೂಗೆ ಬಂದು ನಲ್ಲಿ ಹತ್ತಿರ ಮುಖ ತೊಳೆದು ಅಲ್ಲೇ ಇಸ್ತ್ರಿ ಶರ್ಟು ಹಾಕಿಕೊಂಡ ಒಬ್ಬ ಹುಡುಗ. ಪುಸ್ತಕದ ಅಂಗಡಿಯವರು ಬಾಗಿಲು ತೆಗೆದಾಗ ನಿಂತಲ್ಲೇ ‘ಸುಧಾ’ ತಿರುವಿಹಾಕಿದೆ, ಬೈಲಿಲ್ಲ. ಆ ಐದೂವರೆ ಗಂಟೆಯಲ್ಲಿ ನಾನು ಖರ್ಚು ಮಾಡಿದ್ದು ಎರಡು ಟೀ ಕಾಸು. ಯಾಕೆ ಕೂತಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಆಮೇಲೆ ಬಿಟಿಎಸ್ ಹತ್ತಿದ್ವಿ. ತಡೀರಿ, ನಗಬೇಡಿ! ಕೊರಿಯಾದ ಹುಡುಗರಲ್ಲ. ಬೆಂಗಳೂರು ಸಾರಿಗೆ ಸೇವೆ, ಸಿಟಿ ಬಸ್ಸಿಗೆ ಆಗಿನ ಹೆಸರು. ಬಿಎಂಟಿಸಿ ಅಂತ ಬೇರೆ ಸಂಸ್ಥೆ ಆಗಿದ್ದು 1997ರಲ್ಲಿ.

ಇನ್ನು ಥಿಯೇಟರ್‌ಗಳು. ಕೆ.ಜಿ. ರಸ್ತೆ, ಸುಬೇದಾರ್ ಛತ್ರಂ ರಸ್ತೆ, ಗಾಂಧಿನಗರ, ಇಷ್ಟರೊಳಗೆ ಸಾಗರ್, ಕಪಾಲಿ, ಸಂತೋಷ್, ನರ್ತಕಿ, ಸಪ್ನ, ಮೇನಕಾ, ತ್ರಿಭುವನ್, ಅಭಿನಯ್, ಅನುಪಮ, ತ್ರಿವೇಣಿ, ಹೇಳ್ತಾ ಹೋದ್ರೆ ಉಸಿರು ಕಟ್ಟುತ್ತೆ. ಒಂದರಲ್ಲಿ ಹೌಸ್‌ಫುಲ್ ಬೋರ್ಡ್ ಕಂಡ್ರೆ ನಡ್ಕೊಂಡು ಇನ್ನೊಂದಕ್ಕೆ. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಎರಡು ವರ್ಷ ಓಡಿದ್ದು ಇಲ್ಲಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ. 1968ರಲ್ಲಿ ಶುರುವಾದ ಕಪಾಲಿಯಲ್ಲಿ 1,000ಕ್ಕೂ ಹೆಚ್ಚು ಸೀಟು. ಶುಕ್ರವಾರ ಬೆಳಿಗ್ಗೆ ಕಟೌಟಿಗೆ ಹೂವಿನ ಹಾರ, ಹಾಲಿನ ಅಭಿಷೇಕ, ತಮಟೆ. ಟಿಕೆಟ್ ಸಿಗದೇ ಇದ್ರೂ ಪರವಾಗಿಲ್ಲ, ರಸ್ತೆಯಲ್ಲಿ ನಿಂತ್ರೂ ಅರ್ಧ ಸಿನಿಮಾ ನೋಡಿದ ಹಾಗೆ. ಅದಕ್ಕೂ ಕಾಸಿಲ್ಲ.

ಆ ಕಪಾಲಿ 2017ರಲ್ಲಿ ಬಾಗಿಲು ಹಾಕ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಸೇರಿಹೋಯ್ತು, ಕೆ.ಜಿ. ರಸ್ತೆಯ ಆ ತುದಿಯ ಮೈಸೂರು ಬ್ಯಾಂಕ್ ಸರ್ಕಲ್ ಹೆಸರಿಗಷ್ಟೇ ಉಳೀತು. ಅದೇ ವರ್ಷ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ತಲುಪಿ, ನೇರಳೆ ಮಾರ್ಗವನ್ನ ನೆಲದಡಿ ದಾಟ್ತು. ಒಂದೇ ವರ್ಷದಲ್ಲಿ ಮೂರು. ನನಗೆ ಹಳೇ ಮೆಜೆಸ್ಟಿಕ್ ಮುಗಿದದ್ದು ಯಾವಾಗ ಅಂತ ಕೇಳಿದ್ರೆ 2017 ಅಂತೀನಿ.

ಇದನ್ನೆಲ್ಲ ಒಂದಿನ ಮನೆಯಲ್ಲಿ ಕಣ್ಣರಳಿಸಿಕೊಂಡು ಹೇಳ್ತಿದ್ದೆ. ನಮ್ಮಕ್ಕ ಸೊಪ್ಪು ಸೋಸ್ತಾ ಕೇಳಿಸ್ಕೊಂಡು ಅಂದ್ಳು: ‘ನಿಂದು ಗಂಡಸರ ಮೆಜೆಸ್ಟಿಕ್ ಕಣೋ. ನಾನು ಅಲ್ಲಿ ಐದು ನಿಮಿಷ ಒಬ್ಬಳೇ ನಿಲ್ಲೋಕೆ ಆಗ್ತಿರಲಿಲ್ಲ. ಸಬ್‌ವೇನಲ್ಲಿ ಬ್ಯಾಗ್ ಎದೆಗೆ ಅವುಚಿಕೊಂಡು ಓಡ್ತಿದ್ದೆ. ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ಹಿಂದಿನ ರಾತ್ರಿಯಿಂದ ನೀರು ಕುಡೀತಿರಲಿಲ್ಲ. ಮೆಟ್ರೋ ಬಂದ ಮೇಲೇ ನಾನು ಮೆಜೆಸ್ಟಿಕ್‌ನಲ್ಲಿ ತಲೆ ಎತ್ತಿ ನಡೆದದ್ದು.’

ಇದಕ್ಕೆ ಏನು ಹೇಳ್ತೀರಿ? ಅಕ್ಕ ಹೇಳಿದ್ದು ನಿಜ. ದೀಪ, ಕ್ಯಾಮೆರಾ, ಗಸ್ತು ತಿರುಗೋ ಸಿಬ್ಬಂದಿ, ಇವು ಸಣ್ಣ ಲಾಭ ಅಲ್ಲ. ಹಳೇದು ಚೆನ್ನಾಗಿತ್ತು ಅನ್ನೋ ಮೊದಲು ಯಾರಿಗೆ ಚೆನ್ನಾಗಿತ್ತು ಅಂತ ಕೇಳ್ಬೇಕು.

ಆದ್ರೆ ಅಕ್ಕನೇ ಇನ್ನೊಂದು ಮಾತು ಸೇರಿಸಿದ್ಳು: ‘ಮೆಟ್ರೋದಲ್ಲಿ ಎಲ್ಲಾ ಚೆನ್ನಾಗಿದೆ. ಮಂಡಿ ನೋವಿಗೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅಂದ್ರೆ ಮಾತ್ರ ಜಾಗ ಹುಡುಕ್ಬೇಕು.’

ನನ್ನ ಇವತ್ತಿನ ಮಾತೆಲ್ಲ ಇಷ್ಟಕ್ಕೇ. ಹೊಸ ಕಟ್ಟಡಗಳು ನಮ್ಮನ್ನ ಬೇಗ ಬೇಗ ಸಾಗಿಸೋದು ಕಲಿತಿವೆ, ಕೂರಿಸೋದು ಕಲಿತಿಲ್ಲ. ಮಾಲ್‌ನಲ್ಲಿ ಕೂರಬೇಕು ಅಂದ್ರೆ ಕಾಫಿ ತಗೋಬೇಕು. ಮೆಟ್ರೋದಲ್ಲಿ ಟಿಕೆಟ್‌ಗೆ ಹೊತ್ತಿನ ಮಿತಿ ಇದೆ, ಮೀರಿ ಒಳಗಿದ್ರೆ ದಂಡ. ಫೋನ್ ಇರೋರಿಗೆ ಕ್ಯಾಬ್ ಎರಡು ನಿಮಿಷಕ್ಕೆ ಬರುತ್ತೆ, ಒಪ್ಪಿದೆ. ಆದ್ರೆ ಈಗಲೂ ರಾತ್ರಿ ಬಸ್ಸುಗಳು ರಾಯಚೂರಿನಿಂದ, ಕಲಬುರಗಿಯಿಂದ ಬೆಳಗಿನ ಜಾವ ಬರ್ತವೆ. ಆಸ್ಪತ್ರೆಯ ಓಪಿಡಿ ತೆರೆಯೋದು ಎಷ್ಟು ಹೊತ್ತಿಗೆ? ಅಲ್ಲಿವರೆಗೆ ಆ ಅಜ್ಜಿ ಎಲ್ಲಿ ಕೂರ್ತಾರೆ?

ಮೆಜೆಸ್ಟಿಕ್ ಬಸ್ ನಿಲ್ದಾಣವನ್ನ ಮತ್ತೆ ಹೊಸದಾಗಿ ಕಟ್ಟೋ ಮಾತು ಆಗಾಗ ಕೇಳಿಬರುತ್ತೆ. ಕಟ್ಟಲಿ, ಬೇಡ ಅನ್ನಲ್ಲ. ಮೇಲೆ ಅಂಗಡಿ, ಆಫೀಸು ಬಂದ್ರೂ ಬರಲಿ. ಆದ್ರೆ ನಕ್ಷೆಯಲ್ಲಿ ಇವೂ ಇರಲಿ: ಏನೂ ಕೊಳ್ಳದೇ ಕೂರೋಕೆ ಬೆಂಚು, ಕುಡಿಯೋ ನೀರಿನ ನಲ್ಲಿ, ಹೆಣ್ಮಕ್ಕಳು ಹೆದರದೇ ಹೋಗೋ ಶೌಚಾಲಯ, ರಾತ್ರಿಯಿಡೀ ಉರಿಯೋ ದೀಪ. ಹೆಸರು ಹೇಗೂ ಉಳಿಯುತ್ತೆ ಬಿಡಿ, ಮೆಜೆಸ್ಟಿಕ್ ಹೆಸರಿಗೆ ಸಾವಿಲ್ಲ. ಬೆಂಚು ಮಾತ್ರ ಕೇಳದೇ ಇದ್ರೆ ಉಳಿಯಲ್ಲ. ಆ ಕೆರೆಯನ್ನೂ ಯಾರೂ ಕೇಳಲಿಲ್ಲ ನೋಡಿ.

ನಿಮಗೊಂದು ಕೆಲಸ ಕೊಡ್ತೀನಿ. ಇವತ್ತು ರಾತ್ರಿ ಅಪ್ಪ, ಅಮ್ಮ, ಅಜ್ಜಿ, ಯಾರಾದ್ರೂ ಸರಿ, ‘ನೀವು ಮೊದಲ ಸಲ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಎಲ್ಲಿ ಕೂತಿದ್ರಿ, ಯಾರಿಗೆ ಕಾದ್ರಿ’ ಅಂತ ಕೇಳಿ. ಅವರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಅಲ್ಲಿವರೆಗೆ, ನಮಸ್ಕಾರ.