ಹಲ್ಲಿನ ಸಾಲೂ ಹಲ್ಲಿನ ಬಣ್ಣವೂ

(ಪೋಷಕರ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪೋಷಕರ ಸಭೆಯೆಂದರೆ ಅಂಕಪಟ್ಟಿಯ ಮಾತು, ಕಟ್ಟಡದ ಮಾತು, ಗೈರುಹಾಜರಿಯ ಮಾತು ಎಂದು ನಿರೀಕ್ಷಿಸಿ ಬಂದಿರುವ ತಮಗೆ, ಈ ದಿನ ನಾವು ಹಲ್ಲಿನ ವಿಷಯವನ್ನು ಎತ್ತಿಕೊಂಡಿರುವುದು ವಿಚಿತ್ರವಾಗಿ ತೋರಬಹುದು. ಪಾಠಶಾಲೆಗೂ ದಂತವೈದ್ಯಕ್ಕೂ ಏನು ನಂಟು? ನಂಟು ತರಗತಿಯಲ್ಲಿಯೇ ಇದೆ. ಪದ್ಯವಾಚನಕ್ಕೆ ಎದ್ದು ನಿಂತ ಹುಡುಗಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಚರ್ಚಾಸ್ಪರ್ಧೆಯಲ್ಲಿ ಗೆಲ್ಲಬಲ್ಲ ಹುಡುಗ ಹೆಸರನ್ನೇ ಕೊಡುವುದಿಲ್ಲ. ತರಗತಿಯ ಭಾವಚಿತ್ರ ತೆಗೆಯುವ ದಿನ ತುಟಿ ಬಿಗಿದು ಹಿಂದಿನ ಸಾಲಿಗೆ ಸರಿಯುವವರು ಎಷ್ಟೋ ಮಂದಿ. ಇವರ ಕಂಠ ಚೆನ್ನಾಗಿದೆ, ಉಚ್ಚಾರಣೆ ಶುದ್ಧವಾಗಿದೆ. ತಡೆದಿರುವುದು ಕಂದುಗಟ್ಟಿದ ಮುಂದಿನ ನಾಲ್ಕು ಹಲ್ಲು, ಇಲ್ಲವೇ ಒಂದರ ಮೇಲೊಂದು ಏರಿದ ಸಾಲು. ಕೆಲವರಲ್ಲಿ ಎರಡೂ.

ಈಚೆಗೆ ಮಗಳಿಗೆ ರಜೆ ಕೇಳಲು ಬಂದ ಪೋಷಕರೊಬ್ಬರು ನಮ್ಮನ್ನು ಹೀಗೆ ಕೇಳಿದರು: "ಕ್ಲಿಪ್ಪು ಹಾಕಿಸಿದರೆ ಎರಡು ವರ್ಷ ಬೇಕಂತೆ ಮೇಷ್ಟ್ರೇ. ವೆನೀರು ಅಂತ ಹಾಕ್ತಾರಂತೆ, ಎರಡೇ ಸಲ ಹೋದರೆ ಸಾಲೂ ನೆಟ್ಟಗೆ, ಬಣ್ಣವೂ ಬೆಳ್ಳಗೆ. ಅದೇ ಲೇಸಲ್ಲವೇ?" ಹುಡುಗಿ ಒಂಬತ್ತನೆಯ ತರಗತಿಯವಳು. ಆ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಉತ್ತರ ಹೇಳುವುದು ಸರಿಯಲ್ಲವೆಂದು ತೋರಿತು. ನಾವು ವೈದ್ಯರಲ್ಲ. ಬಲ್ಲವರನ್ನು ಕೇಳಿ, ಓದಿ, ತಿಳಿದಷ್ಟನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ಮೊದಲು ಬಣ್ಣದ ಮಾತು. ನಮ್ಮ ಮಡಕಶಿರಾ ಸೀಮೆಯಲ್ಲಿಯೂ ಗಡಿಯಾಚೆಯ ಪಾವಗಡದಲ್ಲಿಯೂ ಮಕ್ಕಳ ಹಲ್ಲಿನ ಮೇಲೆ ಕಾಣುವ ಸುಣ್ಣದಂಥ ಮಚ್ಚೆ, ಹಳದಿ ಗೆರೆ, ಕಂದು ಕಲೆಗಳು ಬಹುಮಟ್ಟಿಗೆ ಆಳದ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡಿನ ಗುರುತು. ಹಲ್ಲುಜ್ಜದ ಕೊಳಕನೆಂದು ಮಗುವನ್ನು ಜರೆಯುವುದು ಅನ್ಯಾಯ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬಲ್ಲಿ 1901ರಲ್ಲಿ ವೃತ್ತಿಯನ್ನಾರಂಭಿಸಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿಯವರ ಕಂದು ಹಲ್ಲುಗಳನ್ನು ಕಂಡು ಬೆರಗಾಗಿ ಮೂವತ್ತು ವರ್ಷ ಅದರ ಬೆನ್ನು ಹತ್ತಿದರು. ನೀರಿನೊಳಗಿನ ಫ್ಲೋರೈಡೇ ಕಾರಣವೆಂಬುದು 1931ರಲ್ಲಿ ಬಯಲಾಯಿತು. ನಮ್ಮ ದೇಶದಲ್ಲಿ ಈ ಬೇನೆಯನ್ನು ವಿವರಿಸಿದ ಹೆಸರಾಂತ ವರದಿ 1937ರದು, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಗೆ ಸಂಬಂಧಪಟ್ಟದ್ದು. ಅಂದು ನಮ್ಮ ಮಡಕಶಿರವೂ ಅದೇ ಪ್ರಾಂತಕ್ಕೆ ಸೇರಿತ್ತು.

ಇನ್ನು ಸಾಲಿನ ಮಾತು. ದವಡೆ ಕಿರಿದಾಗಿ ಹಲ್ಲು ಅಗಲವಾದರೆ, ಹಾಲುಹಲ್ಲು ಹೊತ್ತಿಗೆ ಮುಂಚೆ ಬಿದ್ದು ಅದರ ಜಾಗಕ್ಕೆ ಪಕ್ಕದ ಹಲ್ಲು ಸರಿದರೆ, ಬಹಳ ಕಾಲ ಹೆಬ್ಬೆರಳು ಚೀಪಿದರೆ ಸಾಲು ಕೆಡುತ್ತದೆ. ತಾಯಿತಂದೆಗಳಿಂದ ಬಂದ ಬಳುವಳಿಯೂ ಉಂಟು. ಅದನ್ನು ತಿದ್ದುವ ಯತ್ನವೂ ಹಳೆಯದೇ. ಫ್ರಾನ್ಸಿನ ಪಿಯೇರ್ ಫೋಷಾರ್ ಎಂಬವರು 1728ರಲ್ಲಿ ಪ್ರಕಟಿಸಿದ ದಂತಚಿಕಿತ್ಸೆಯ ಗ್ರಂಥದಲ್ಲಿಯೇ ಲೋಹದ ಪಟ್ಟಿಗೆ ದಾರದಿಂದ ಹಲ್ಲುಗಳನ್ನು ಬಿಗಿದು ಸರಿಸುವ ವಿಧಾನವನ್ನು ವಿವರಿಸಿದ್ದಾರೆ. ಈಗಿನ ಕ್ಲಿಪ್ಪಿನಲ್ಲಿ ಒಂದೊಂದು ಹಲ್ಲಿಗೂ ಒಂದು ಚಿಕ್ಕ ಬಿಲ್ಲೆ ಅಂಟಿರುತ್ತದೆ. ಬಿಲ್ಲೆಗಳ ಗಾಡಿಯಲ್ಲಿ ತಂತಿ ಕುಳಿತಿರುತ್ತದೆ. ತಂತಿ ಮೆಲ್ಲನೆ ಒತ್ತಿದಾಗ ಹಲ್ಲಿನ ಬೇರಿನ ಒಂದು ಮಗ್ಗುಲಿನ ಎಲುಬು ಕರಗಿ, ಇನ್ನೊಂದು ಮಗ್ಗುಲಿನಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ನಡಿಗೆ. ಒಂದೂವರೆ ಎರಡು ವರ್ಷ ಏಕೆ ಬೇಕೆಂಬುದಕ್ಕೆ ಇದೇ ಉತ್ತರ. ಎಲುಬಿಗೆ ಅವಸರವಿಲ್ಲ.

ವೆನೀರಿನ ಕಥೆ ಬೇರೆ. ಬಡಗಿಗಳು ಸಾಧಾರಣ ಹಲಗೆಯ ಮೇಲೆ ಅಂಟಿಸುವ ತೇಗದ ತೆಳುಹಾಳೆಗೂ ಇದೇ ಹೆಸರೆಂಬುದನ್ನು ತಾವು ಬಲ್ಲಿರಿ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು 1928ರ ಸುಮಾರಿನಲ್ಲಿ ಸಿನಿಮಾ ನಟರ ಹಲ್ಲಿಗೆ ತೆಳುವಾದ ಮುಖವಾಡ ಮಾಡಿಕೊಡುತ್ತಿದ್ದರು. ಚಿತ್ರೀಕರಣ ಮುಗಿದೊಡನೆ ನಟರು ಅದನ್ನು ತೆಗೆದಿಡುತ್ತಿದ್ದರು. ಶಾಶ್ವತವಾಗಿ ಅಂಟಿಸುವ ಉಪಾಯವಿರಲಿಲ್ಲ. 1955ರಲ್ಲಿ ಮೈಕೇಲ್ ಬ್ಯೂನೋಕೋರ್ ಎಂಬವರು ಹಲ್ಲಿನ ಮೇಲ್ಮೈಗೆ ಆಮ್ಲವನ್ನು ಸವರಿ ಒರಟು ಮಾಡಿದರೆ ರಾಳವು ಗಟ್ಟಿಯಾಗಿ ಕಚ್ಚಿಕೊಳ್ಳುವುದೆಂದು ತೋರಿಸಿದರು. ಕ್ಲಿಪ್ಪಿನ ಬಿಲ್ಲೆ ಅಂಟುವುದೂ, 1980ರ ದಶಕದಿಂದ ಪಿಂಗಾಣಿಯ ಹೊದಿಕೆ ಅಂಟುತ್ತಿರುವುದೂ ಈ ಒಂದೇ ಅರಿವಿನಿಂದ. ಎರಡು ಚಿಕಿತ್ಸೆಗಳೂ ಆಶ್ರಯಿಸಿರುವುದು ಎನಾಮಲ್ ಎಂಬ ಹೊರಕವಚವನ್ನು.

ಈ ಎನಾಮಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಹಲ್ಲು ಹೊರಗೆ ಬರುವ ವೇಳೆಗೆ ಅದನ್ನು ಕಟ್ಟಿದ ಜೀವಕೋಶಗಳು ಇಲ್ಲವಾಗಿರುತ್ತವೆ. ಉಗುರು ಬೆಳೆಯುತ್ತದೆ, ಮುರಿದ ಎಲುಬು ಕೂಡುತ್ತದೆ. ಉಜ್ಜಿ ತೆಗೆದ ಎನಾಮಲ್ ಮರಳಿ ಬೆಳೆಯದು. ಪಿಂಗಾಣಿ ಹೊದಿಕೆಗೆ ಸಾಮಾನ್ಯವಾಗಿ ಸುಮಾರು ಅರ್ಧ ಮಿಲಿಮೀಟರಿನಷ್ಟನ್ನು ಸವೆಸಬೇಕಾಗುತ್ತದೆ. ಹಲ್ಲು ಸಾಲಿನಲ್ಲಿ ನೆಟ್ಟಗಿದ್ದರೆ ಅಷ್ಟೇ ಸಾಕು. ಮುಂದಕ್ಕೆ ಚಾಚಿದ, ತಿರುಚಿದ ಹಲ್ಲನ್ನು ಹೊದಿಕೆಯಿಂದಲೇ ನೇರವಾಗಿ ಕಾಣಿಸಹೊರಟರೆ ಹೆಚ್ಚು ಸವೆಸಬೇಕು. ಎನಾಮಲ್ ಮುಗಿದು ಒಳಪದರ ತೆರೆಯುತ್ತದೆ, ಜುಮ್ಮೆನ್ನುವ ನೋವು ಹುಟ್ಟುತ್ತದೆ, ಒಳಪದರದ ಮೇಲೆ ಅಂಟೂ ಅಷ್ಟು ಬಿಗಿಯಾಗಿ ನಿಲ್ಲದು. ಸೊಟ್ಟ ಗೋಡೆಯನ್ನು ಗಾರೆಯ ದಪ್ಪದಿಂದ ನೇರ ಮಾಡುತ್ತೇನೆನ್ನುವ ಗಾರೆಯವನಿಗೆ ತಾವು ಮನೆ ಕಟ್ಟಲು ಕೊಡುವಿರಾ?

ಆದುದರಿಂದ ಎರಡೂ ಬೇಕಾದವರಲ್ಲಿ ಮೊದಲು ಕ್ಲಿಪ್ಪು, ಅನಂತರ ವೆನೀರು. ಕ್ಲಿಪ್ಪು ಹಲ್ಲನ್ನು ಅದರ ಜಾಗಕ್ಕೆ ತರುತ್ತದೆ, ಆಗ ಹೊದಿಕೆಗೆ ಸವೆಸಬೇಕಾದುದು ಅತ್ಯಲ್ಪ. ಎಷ್ಟೋ ಸಲ ಸಾಲು ಸರಿಯಾದ ಮೇಲೆ ಹೊದಿಕೆಯೇ ಬೇಡವೆನಿಸುವುದೂ ಉಂಟು. ಕೆಲವರಲ್ಲಿ ಮೇಲಿನ ನಡುಹಲ್ಲುಗಳ ಪಕ್ಕದ ಹಲ್ಲು ಹುಟ್ಟಿನಿಂದಲೇ ಗೂಟದಂತೆ ಸಣ್ಣಗಿರುತ್ತದೆ. ಅಲ್ಲಿ ಎರಡು ವಿದ್ಯೆಗಳೂ ಕೈಗೂಡಿಸುವುದನ್ನು ನೋಡಬೇಕು: ಕ್ಲಿಪ್ಪು ಆ ಸಣ್ಣ ಹಲ್ಲಿನ ಎರಡೂ ಪಕ್ಕ ಅಳತೆಗೆ ತಕ್ಕ ಜಾಗ ಬಿಡಿಸುತ್ತದೆ, ಹೊದಿಕೆ ಆ ಜಾಗವನ್ನು ತುಂಬುತ್ತದೆ. ಎಷ್ಟು ಜಾಗ ಬಿಡಬೇಕೆಂಬುದು ಮೊದಲ ದಿನವೇ ನಿಶ್ಚಯವಾಗಬೇಕು. ಸಾಲು ತಿದ್ದುವ ವೈದ್ಯರು ಬೇರೆ, ಹೊದಿಕೆ ಕೂರಿಸುವವರು ಬೇರೆ ಇರುವುದರಿಂದ, ಇಬ್ಬರೂ ಕೂಡಿ ಯೋಚಿಸಿದ್ದಾರೆಯೇ ಎಂದು ಪೋಷಕರು ಸಂಕೋಚವಿಲ್ಲದೆ ಕೇಳಬೇಕು. ವಿಪರೀತ ಕ್ರಮದಲ್ಲಿ ನಡೆದರೆ, ಎಂದರೆ ಹೊದಿಕೆಯ ಮೇಲೆ ಕ್ಲಿಪ್ಪು ಹಾಕಬೇಕಾಗಿ ಬಂದರೆ, ಬಿಲ್ಲೆ ಸರಿಯಾಗಿ ಹಿಡಿಯದು, ಕೀಳುವಾಗ ಪಿಂಗಾಣಿ ಸಿಡಿಯಬಹುದು, ಹಲ್ಲು ಸರಿದ ಮೇಲೆ ಹಳೆಯ ಹೊದಿಕೆಯ ಆಕಾರವೂ ಹೊಂದದು.

ವಯಸ್ಸಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಕ್ಲಿಪ್ಪಿಗೆ ಹನ್ನೊಂದರಿಂದ ಹದಿನಾಲ್ಕರ ಪ್ರಾಯ ಅನುಕೂಲವಾದುದು, ದೊಡ್ಡವರಿಗೂ ಹಾಕುತ್ತಾರೆ. ಪಿಂಗಾಣಿ ಹೊದಿಕೆಗೆ ಸಾಮಾನ್ಯವಾಗಿ ಹದಿನೆಂಟರವರೆಗಾದರೂ ಕಾಯಬೇಕೆನ್ನುತ್ತಾರೆ. ಎಳೆಯ ಹಲ್ಲಿನೊಳಗೆ ನರವಿರುವ ತಿರುಳು ದೊಡ್ಡದು, ಮೇಲ್ಮೈಗೆ ಹತ್ತಿರವಾದುದು. ವಸಡು ಇನ್ನೂ ತನ್ನ ನೆಲೆಗೆ ಇಳಿದಿರುವುದಿಲ್ಲ. ಇಂದು ಹಾಕಿದ ಹೊದಿಕೆಯ ಅಂಚು ನಾಲ್ಕು ವರ್ಷದಲ್ಲಿ ಬಯಲಿಗೆ ಬೀಳುತ್ತದೆ. ಚೆನ್ನಾಗಿ ಮಾಡಿದ ಹೊದಿಕೆಯೂ ಹತ್ತು ಹದಿನೈದು ವರ್ಷ ಬಾಳಿ, ಬಳಿಕ ಬದಲಾಯಿಸಬೇಕಾದ ವಸ್ತು. ಹದಿನಾಲ್ಕರಲ್ಲಿ ಆರಂಭಿಸಿದ ಹುಡುಗಿ ಜೀವಮಾನದಲ್ಲಿ ಎಷ್ಟು ಸಲ ಬದಲಾಯಿಸಬೇಕು, ಎಷ್ಟು ವೆಚ್ಚವೆಂಬ ಲೆಕ್ಕವನ್ನು ನಮ್ಮ ಏಳನೆಯ ತರಗತಿಯವರೂ ಮಾಡಬಲ್ಲರು.

ಹಾಗಾದರೆ ಕಂದು ಹಲ್ಲಿನ ಮಗು ಅಷ್ಟು ಕಾಲ ಬಾಯಿ ಮುಚ್ಚಿಕೊಂಡೇ ಇರಬೇಕೆ? ಇಲ್ಲ. ಹಗುರವಾದ ಕಲೆಯನ್ನು ಆಮ್ಲ ಬೆರೆಸಿದ ನುಣ್ಣನೆಯ ಪುಡಿಯಿಂದ ವೈದ್ಯರೇ ಉಜ್ಜಿ ತಿಳಿಗೊಳಿಸುವ ವಿಧಾನವಿದೆ. ಅದರಲ್ಲಿ ಹೋಗುವ ಪದರ ಅತಿ ತೆಳುವಾದುದು. ಸವೆಸದೆಯೇ, ಅಥವಾ ಸ್ವಲ್ಪವೇ ಸವೆಸಿ, ಹಲ್ಲಿನ ಬಣ್ಣದ ರಾಳವನ್ನು ಲೇಪಿಸುವುದೂ ಉಂಟು. ಅದು ಪಿಂಗಾಣಿಯಷ್ಟು ಬಾಳದಿದ್ದರೂ ಶಾಲೆಯ ವರ್ಷಗಳನ್ನು ದಾಟಿಸುತ್ತದೆ. ಕಲೆ ಆಳವಾಗಿದ್ದು ಹಲ್ಲು ಚಕ್ಕೆ ಏಳುತ್ತಿದ್ದರೆ ಪ್ರಾಯ ಬಂದ ಮೇಲೆ ಪಿಂಗಾಣಿ ಹೊದಿಕೆ ನ್ಯಾಯವಾದ ಚಿಕಿತ್ಸೆಯೇ. ಹಲ್ಲುಗಳನ್ನು ಬಿಳುಪು ಮಾಡಿಸುವವರು ಹೊದಿಕೆಗೆ ಮುಂಚೆಯೇ ಮಾಡಿಸಬೇಕು. ಪಿಂಗಾಣಿಯ ಬಣ್ಣ ಆಮೇಲೆ ಬದಲಾಗದು.

ಕ್ಲಿಪ್ಪು ಹಾಕಿಸಿಕೊಂಡಿರುವ ವಿದ್ಯಾರ್ಥಿಗಳಿಗೆ ಎರಡು ಮಾತು. ಕಡಲೆಮಿಠಾಯಿ, ನಿಪ್ಪಟ್ಟು, ಕಬ್ಬು ಇವು ಬಿಲ್ಲೆಗೆ ಶತ್ರುಗಳು. ಕಡಲೆಕಾಯಿ ಬೆಳೆಯುವ ಸೀಮೆಯಲ್ಲಿ ಇದು ಕಠಿಣ ವ್ರತವೆಂದು ಬಲ್ಲೆವು. ರಾಗಿಮುದ್ದೆಗೆ ಅಡ್ಡಿಯಿಲ್ಲ, ಅದನ್ನು ನುಂಗುವುದೇ ಹೊರತು ಅಗಿಯುವವರಾರು! ಬಿಲ್ಲೆಯ ಸುತ್ತ ಅನ್ನ ನಿಂತರೆ ಅಲ್ಲಿಯೇ ಹೊಸ ಬಿಳಿಮಚ್ಚೆ ಹುಟ್ಟುತ್ತದೆ, ಪ್ರತಿ ಊಟದ ಮೇಲೆಯೂ ಉಜ್ಜಬೇಕು. ಫ್ಲೋರೈಡ್ ತಗಲಿದ ಹಲ್ಲಿನ ಮೇಲೆ ಬಿಲ್ಲೆಯ ಹಿಡಿತ ಕಡಿಮೆ. ಅದು ಮತ್ತೆ ಮತ್ತೆ ಕಳಚಿದರೆ ಪೋಷಕರು ಮಗುವನ್ನು ಗದರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕ್ಲಿಪ್ಪು ತೆಗೆದ ಮೇಲೆ ಹಲ್ಲುಗಳು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತಿರುತ್ತವೆ. ಅವನ್ನು ತಡೆದು ಹಿಡಿಯುವ ರಿಟೇನರನ್ನು, ವೆನೀರು ಹಾಕಿಸಿದವರೂ, ವೈದ್ಯರು ಹೇಳಿದಷ್ಟು ಕಾಲ ಧರಿಸಲೇಬೇಕು. ವೆಚ್ಚದ ಚಿಂತೆಯುಳ್ಳವರು ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜಿನಂತಹ ಬೋಧನಾಸ್ಪತ್ರೆಗಳಲ್ಲಿ ವಿಚಾರಿಸುವುದು ಒಳ್ಳೆಯದು.

ಕೊನೆಯದಾಗಿ, ಈ ಹುಡುಗ ಹುಡುಗಿಯರ ತಮ್ಮ ತಂಗಿಯರ ವಿಷಯ. ಮುಂದಿನ ಹಲ್ಲುಗಳ ಎನಾಮಲ್ ದವಡೆಯೊಳಗೆ ಕಟ್ಟುವುದು ಎಳವೆಯಲ್ಲಿಯೇ. ಎಂಟು ವಯಸ್ಸಿನ ಒಳಗೆ ಕುಡಿದ ನೀರೇ ಕಲೆಯನ್ನು ನಿರ್ಣಯಿಸುತ್ತದೆ, ಮೊದಲ ಮೂರು ವರ್ಷ ಇನ್ನೂ ಸೂಕ್ಷ್ಮವಾದುದು. ದೊಡ್ಡ ಮಗಳ ವೆನೀರಿಗೆ ಸಾಲ ಮಾಡುವ ಮನೆಯಲ್ಲಿ ತೊಟ್ಟಿಲ ಕೂಸು ಅದೇ ಬೋರಿನ ನೀರು ಕುಡಿಯುತ್ತಿದ್ದರೆ ಏನು ಹೇಳೋಣ! ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ಮೂಲವೇ ಇಲ್ಲದೆಡೆ 1.5ರವರೆಗೆ ಸಮ್ಮತಿಯುಂಟು. ತಮ್ಮ ಬಾವಿಯ ನೀರು ಎಷ್ಟರದೆಂದು ಪರೀಕ್ಷೆಯಿಂದಲ್ಲದೆ ರುಚಿಯಿಂದ ತಿಳಿಯದು. ಮಾದರಿಗಳನ್ನು ಒಟ್ಟುಗೂಡಿಸಿ ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಶಾಲೆಗೆ ಕಳುಹಿಸಲು ನಾವು ಸಿದ್ಧರಿದ್ದೇವೆ. ಗಾಜಿನ ಸೀಸೆ ಬೇಡ. ಶುಭ್ರವಾದ ಪ್ಲಾಸ್ಟಿಕ್ ಸೀಸೆಯಲ್ಲಿ ಒಂದು ಲೀಟರ್ ತುಂಬಿ, ಬೀದಿಯ ಹೆಸರು, ಬಾವಿಯ ಗುರುತು, ತಾರೀಕು ಬರೆದು, ಸೋಮವಾರ ಬೆಳಿಗ್ಗೆ ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಿರಿ. ಕಚೇರಿಯಲ್ಲಿ ತೆಗೆದುಕೊಳ್ಳುತ್ತಾರೆ.